ಪಿಸ್ಟನ್ ಮುಟ್ಟದೆ ಸ, ಪ

ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಓದಿದೆ. ಟ್ರಂಪೆಟ್ ಕೈಗೆ ಬಂದ ಸಂತೋಷಕ್ಕಿಂತ ಅದು ಮಾತು ಕೇಳದ ಸಂಕಟವೇ ಅದರಲ್ಲಿ ತುಂಬಿತ್ತು. ಮೇಲಕ್ಕೆ ಹೋದರೆ ತುಟಿ ಉರಿಯುತ್ತದೆ, ಗಾಳಿ ಸೋರುತ್ತದೆ, ಇಷ್ಟು ವರ್ಷ ಕಲಿತ ಹಾಡುಗಾರಿಕೆ ಇಲ್ಲಿ ಯಾವ ಉಪಯೋಗಕ್ಕೂ ಬರುತ್ತಿಲ್ಲ ಎಂದು ಬರೆದಿದ್ದೀಯ. ಈ ಕಡೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ ಮಗಳೇ. ಈ ವಾದ್ಯ ನಿನಗೆ ಅರ್ಥವಾಗುವುದೇ ನಿನ್ನ ಸಂಗೀತದಿಂದ.

ಒಂದೂ ಪಿಸ್ಟನ್ ಒತ್ತದೆ ಊದಿ ನೋಡು. ಮೇಷ್ಟ್ರು ಮೊದಲು ಕಲಿಸಿದ ಕೆಳಗಿನ ‘ಸಿ’ ಇದೆಯಲ್ಲ, ಅದನ್ನು ಷಡ್ಜ ಎಂದುಕೋ. (ನಿನ್ನದು ಬಿ ಫ್ಲ್ಯಾಟ್ ಟ್ರಂಪೆಟ್, ಹಾರ್ಮೋನಿಯಂ ಪಕ್ಕದಲ್ಲಿಟ್ಟರೆ ಅದು ಬಿ ಫ್ಲ್ಯಾಟ್ ಆಗಿಯೇ ಕೇಳುತ್ತದೆ. ಗಾಬರಿ ಬೇಡ.) ಬೆರಳು ಅಲ್ಲಾಡಿಸದೆ ತುಟಿಯನ್ನು ತುಸು ಬಿಗಿಮಾಡಿ ಉಸಿರಿನ ವೇಗ ಹೆಚ್ಚಿಸಿದರೆ ಮುಂದೆ ಸಿಗುವುದು ನೇರ ಪಂಚಮ. ಆಮೇಲೆ ತಾರ ಷಡ್ಜ, ಅದರ ಮೇಲೆ ಅಂತರ ಗಾಂಧಾರ, ಮತ್ತೆ ಪಂಚಮ. ಶ್ರುತಿ ಸೇರಿದ ತಂಬೂರಿಯ ಮಂದ್ರ ತಂತಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದಲ್ಲ, ಅದೇ ಗಾಂಧಾರ ಇದು. ತಂತಿ ಅದುರಿದರೂ ಕೊಳವೆಯೊಳಗಿನ ಗಾಳಿ ಅದುರಿದರೂ ಲೆಕ್ಕ ಒಂದೇ.

ಸ ಮತ್ತು ಪ ನಡುವೆ ಎಷ್ಟು ಸ್ವರಸ್ಥಾನ? ಶುದ್ಧ ರಿಷಭದಿಂದ ಪ್ರತಿ ಮಧ್ಯಮದವರೆಗೆ ಆರು. ಎರಡನೆಯ ಪಿಸ್ಟನ್ ಸ್ವರವನ್ನು ಒಂದು ಸ್ಥಾನ ಇಳಿಸುತ್ತದೆ, ಮೊದಲನೆಯದು ಎರಡು, ಮೂರನೆಯದು ಮೂರು. ಮೂರನ್ನೂ ಒತ್ತಿದರೆ ಸರಿಯಾಗಿ ಆರು. ಪಂಚಮ ಹಿಡಿದು ಮೂರನ್ನೂ ಒತ್ತು, ಶುದ್ಧ ರಿಷಭಕ್ಕೆ ಬಂದು ನಿಲ್ಲುತ್ತೀಯ. 1818ರಲ್ಲಿ ಪ್ರಷ್ಯಾದ ಸ್ಟೋಲ್ಜೆಲ್, ಬ್ಲೂಮೆಲ್ ಎಂಬಿಬ್ಬರು ಈ ಪಿಸ್ಟನ್‌ನ ಕೆಲಸ ಮಾಡುವ ವಾಲ್ವ್‌ಗೆ ಪೇಟೆಂಟ್ ಪಡೆದರು. ಅದಕ್ಕೂ ಮುಂಚಿನ ಸಾದಾ ಟ್ರಂಪೆಟ್‌ನವರಿಗೆ ಈ ಕೆಳಸ್ಥಾಯಿಯಲ್ಲಿ ಸ, ಪ ಬಿಟ್ಟರೆ ನಡುವಿನ ಸ್ವರಗಳು ದಕ್ಕುತ್ತಿರಲಿಲ್ಲ. ಇನ್ನೊಂದು ವಿಷಯ: ಮೂರೂ ಒಟ್ಟಿಗೆ ಒತ್ತಿದಾಗ ಸ್ವರ ತುಸು ಏರಿಯೇ ಕೇಳುತ್ತದೆ. ಎಡಗೈ ಬೆರಳಿಗೆ ಉಂಗುರವಿರುವ ಆ ಮೂರನೆಯ ಸ್ಲೈಡನ್ನು ಹೊರಕ್ಕೆ ತಳ್ಳಿ ಇಳಿಸಬೇಕು. ಎಷ್ಟು ತಳ್ಳಬೇಕೆಂಬುದನ್ನು ನಿನ್ನ ಕಿವಿಯೇ ಹೇಳುತ್ತದೆ. ಶ್ರುತಿಜ್ಞಾನವಿಲ್ಲದೆ ಶುರುಮಾಡಿದವರು ಇದಕ್ಕಾಗಿ ಎಷ್ಟು ಒದ್ದಾಡುತ್ತಾರೆ ಗೊತ್ತೇ?

ಇನ್ನು ತುಟಿಯ ಉರಿ. ಮೇಲಿನ ಸ್ವರ ಬರಲಿ ಎಂದು ನೀನು ವಾದ್ಯವನ್ನು ಮುಖಕ್ಕೆ ಒತ್ತಿಕೊಳ್ಳುತ್ತಿದ್ದೀಯ. ಹಾಗೆ ಒತ್ತಿದರೆ ರಕ್ತ ಓಡಾಡದೆ ತುಟಿ ಮರಗಟ್ಟಿ ಅದುರುವುದನ್ನೇ ನಿಲ್ಲಿಸುತ್ತದೆ. ಸ್ವರ ಹುಟ್ಟಬೇಕಾದದ್ದೇ ಆ ಅದುರಿನಿಂದ. ಸ್ಯಾಕ್ಸೋಫೋನ್‌ಗಾದರೂ ರೀಡ್ ಇದೆ, ಇಲ್ಲಿ ನಿನ್ನ ತುಟಿಯೇ ರೀಡ್. ಲೂಯಿ ಆರ್ಮ್‌ಸ್ಟ್ರಾಂಗ್ ಅಂಥವರೇ 1930ರ ದಶಕದಲ್ಲಿ ತುಟಿ ಒಡೆದುಕೊಂಡು ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ಬಲಗೈ ಕಿರುಬೆರಳನ್ನು ಕೊಕ್ಕೆಯೊಳಗೆ ಸಿಕ್ಕಿಸಬೇಡ, ಕೊಕ್ಕೆಯ ಮೇಲೆ ಸುಮ್ಮನೆ ಇಡು. ಆಗ ಎಳೆದುಕೊಳ್ಳುವ ಮನಸ್ಸಾದರೂ ಎಳೆಯಲಾಗದು. ಊದಿದಷ್ಟು ಹೊತ್ತು ವಿಶ್ರಾಂತಿಯನ್ನೂ ಕೊಡು. ತುಟಿ ಸೋತಿತು ಅನ್ನಿಸಿದ ದಿನ ಹಠ ಮಾಡದೆ ಪೆಟ್ಟಿಗೆ ಮುಚ್ಚು. ಬೆಳಗ್ಗೆ ಶ್ರುತಿಪೆಟ್ಟಿಗೆ ಹಾಕಿಕೊಂಡು, ಮೌತ್‌ಪೀಸ್ ಒಂದನ್ನೇ ಹಿಡಿದು, ಮೆಲ್ಲಗೆ ಸರಳೆ ವರಸೆ ಊದು. ತುಟಿ ತಾನಾಗಿ ಸ್ವರ ಹಿಡಿಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ.

ವಿದೇಶದ ವಾದ್ಯ ನಮ್ಮ ಸಂಗೀತಕ್ಕೆ ಹೊಂದುತ್ತದೆಯೇ ಎಂದೂ ಕೇಳಿದ್ದೀಯ. ಕದ್ರಿ ಗೋಪಾಲನಾಥರು ಹುಡುಗರಾಗಿದ್ದಾಗ ಸ್ಯಾಕ್ಸೋಫೋನ್ ಕೇಳಿ ಮನಸೋತದ್ದು ಇದೇ ಊರಿನ ಅರಮನೆ ಬ್ಯಾಂಡಿನಲ್ಲಿ. ಮುಂದೆ ಅವರು ಅದರಲ್ಲೇ ನಮ್ಮ ಸಂಗೀತ ನುಡಿಸಿದ್ದು ನಿನಗೇ ಗೊತ್ತು. ಟ್ರಂಪೆಟ್‌ನಲ್ಲಿ ಗಮಕ ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ, ನಿಜ. ಆ ಮಾತು ಈಗಲೇ ಬೇಡ.

ಈ ಸಲ ದಸರೆಗೆ ಅಕ್ಕನನ್ನು ಕರೆದುಕೊಂಡು ಬಂದುಬಿಡು, ಪೊಲೀಸ್ ಬ್ಯಾಂಡ್ ಕೇಳೋಣ. ವಾದ್ಯ ತರುವುದನ್ನು ಮರೆಯಬೇಡ. ಅಲ್ಲಿಯವರೆಗೆ ಮೇಲಿನ ಗಾಂಧಾರದ ಗೊಡವೆಗೆ ಹೋಗದೆ ಸ, ಪ ಎರಡನ್ನು ಶ್ರುತಿಗೆ ಸೇರಿಸು, ನನಗೆ ಅಷ್ಟು ಸಾಕು.

ನಿನ್ನ
ಮಾವ