ಕೊಳ್ಳುವುದೋ, ಕಟ್ಟುವುದೋ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದುದು ದೊಡ್ಡ ಕಾರ್ಯಗಳನ್ನು ಕುರಿತು. ಅಂಗೈಯಗಲದ ಪೆಟ್ಟಿಗೆಯೊಂದನ್ನು ಕೊಳ್ಳಬೇಕೋ ಕಟ್ಟಬೇಕೋ ಎಂಬ ಪ್ರಶ್ನೆಯೂ ಗೃಹಸ್ಥನ ನಿದ್ದೆಯನ್ನು ಕೆಡಿಸಬಲ್ಲುದೆಂದು ಅವರು ಎಣಿಸಿರಲಾರರು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತವನ್ನು ಕಲಿಸಿ ನಿವೃತ್ತರಾದ ಮೇಷ್ಟರೊಬ್ಬರಿಗೆ ಒದಗಿದ ಪಾಡು ಇದೇ.

ಮೇಷ್ಟರ ಪತ್ನಿ ಹಸೆಯ ಹಾಡು, ಬೀಸುವ ಪದ, ಆರತಿಯ ಹಾಡುಗಳನ್ನು ಬಲ್ಲವರಾಗಿದ್ದರು. ಆಕೆ ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ ಮಗಳು ತನ್ನ ಮೊಬೈಲಿನಲ್ಲಿ ಅರುವತ್ತು ಹಾಡುಗಳನ್ನು ಹಿಡಿದು, ಅಂಗಡಿಯಿಂದ ತಂದ ಹಾರ್ಡ್ ಡಿಸ್ಕಿನಲ್ಲಿ ಮನೆಯ ಭಾವಚಿತ್ರಗಳೊಡನೆ ಸೇರಿಸಿಟ್ಟಳು. ಕೆಲಕಾಲದ ಮೇಲೆ ಆ ಮೊಬೈಲು ಕೆಟ್ಟುಹೋಯಿತು. ಹಾಡುಗಳು ಬೀರುವಿನೊಳಗಣ ಆ ಕಪ್ಪು ಪೆಟ್ಟಿಗೆಯೊಂದರಲ್ಲಿಯೇ ಉಳಿದುವು.

ವರ್ಷದ ತಿಥಿಯ ಹಿಂದಿನ ದಿನ ಮೇಷ್ಟರು ಅದನ್ನು ಹೊರತೆಗೆದು ಕೇಬಲನ್ನು ಸಿಕ್ಕಿಸುವಾಗ ಪೆಟ್ಟಿಗೆಯ ಬಾಯಿಯೇ ಮುರಿದು ಒಳಗೆ ಸೇರಿತು. ಅಂಗಡಿಯವನು ಬಿಚ್ಚಿ ನೋಡಿ ತಲೆಯಲ್ಲಾಡಿಸಿದನು. ಎಷ್ಟೋ ಪೆಟ್ಟಿಗೆಗಳೊಳಗೆ ಸಾಟಾ ಎಂಬ ಸಾಮಾನ್ಯ ಕೊಂಡಿಯ ಡಿಸ್ಕು ಇರುವುದು. ಅದನ್ನು ತೆಗೆದು ಬೇರೊಂದು ಕೇಸಿಗೆ ಹಾಕಿದರೆ ಕೆಲಸ ಮುಗಿಯಿತು. ಇದರಲ್ಲಿಯಾದರೋ ಯು.ಎಸ್.ಬಿ. ಬಾಯಿಯನ್ನು ಡಿಸ್ಕಿನ ಸ್ವಂತ ಹಲಗೆಗೇ ಬೆಸೆದಿದ್ದರು. ಕೊನೆಗೆ ಮೊಬೈಲು ರಿಪೇರಿ ಮಾಡುವ ಹುಡುಗನೊಬ್ಬನು ಭೂತಗಾಜನ್ನು ಹಿಡಿದು ಬೆಸುಗೆ ಹಾಕಿ, "ಇದು ಎಷ್ಟು ದಿನ ನಿಲ್ಲುವುದೋ ಹೇಳಲಾರೆ, ಸಾರ್. ಮೊದಲು ಕಾಪಿ ಮಾಡಿಕೊಳ್ಳಿ" ಎಂದನು. ಎಲ್ಲವೂ ಕಂಪ್ಯೂಟರಿಗೆ ಇಳಿಯುವವರೆಗೆ ಮೇಷ್ಟರು ನಿಂತೇ ಇದ್ದರು.

ಹೊಸದೊಂದು ಬೇಕೆಂಬುದರಲ್ಲಿ ಸಂದೇಹವಿರಲಿಲ್ಲ, ಎಂತಹುದೆಂಬುದೇ ಚರ್ಚೆಯಾಯಿತು. ಬೆಂಗಳೂರಿನಿಂದ ಬಂದಿದ್ದ ಭಾವಮೈದುನನು, "ಭಾವ, ಸಿದ್ಧವಾದುದನ್ನೇ ಕೊಳ್ಳಿ. ಬಿಡಿ ಡಿಸ್ಕಿಗೂ ಕೇಸಿಗೂ ಸೇರಿ ಆಗುವ ಖರ್ಚಿಗಿಂತ ಅದು ಎಷ್ಟೋ ಸಲ ಅಗ್ಗ. ಕೆಟ್ಟರೆ ಒಂದೇ ಕಂಪನಿಯನ್ನು ಕೇಳಿದರಾಯಿತು; ಕಟ್ಟಿದುದು ಕೆಟ್ಟರೆ ಡಿಸ್ಕಿನವನು ಕೇಸಿನವನನ್ನೂ ಕೇಸಿನವನು ಡಿಸ್ಕಿನವನನ್ನೂ ತೋರಿಸುವರು" ಎಂದನು.

ಕಂಪ್ಯೂಟರ್ ಅಂಗಡಿಯನ್ನಿಟ್ಟಿದ್ದ ಹಳೆಯ ಶಿಷ್ಯನು ಒಪ್ಪಲಿಲ್ಲ. "ಮೇಷ್ಟ್ರೇ, ನಿಮ್ಮಲ್ಲಿ ಮುರಿದುದು ಬಾಯಿ, ಡಿಸ್ಕು ನೆಟ್ಟಗಿತ್ತು. ಕೇಸು ಬೇರೆ, ಡಿಸ್ಕು ಬೇರೆ ಆಗಿದ್ದರೆ ಅಲ್ಪ ಬೆಲೆಯ ಕೇಸನ್ನು ಬದಲಾಯಿಸಿದರೆ ಸಾಕಾಗಿತ್ತು. ಕೊಂಡ ಕೆಲವು ಪೆಟ್ಟಿಗೆಗಳ ಹಲಗೆ ಬರಹವನ್ನೆಲ್ಲ ಗೂಢಲಿಪಿಗೆ ತಿರುಗಿಸಿಡುತ್ತದೆ. ಆ ಹಲಗೆ ಸುಟ್ಟರೆ ಡಿಸ್ಕು ಸರಿಯಿದ್ದರೂ ಓದಲಾಗದು" ಎಂದನು. ಮೂರೂವರೆ ಅಂಗುಲದ ಡಿಸ್ಕಿಗೆ ಹನ್ನೆರಡು ವೋಲ್ಟಿನ ಬೇರೆ ಅಡಾಪ್ಟರು ಬೇಕು. ಎರಡೂವರೆ ಅಂಗುಲದ್ದು ಕಂಪ್ಯೂಟರಿನ ಐದು ವೋಲ್ಟಿನಲ್ಲಿಯೇ ನಡೆಯುವುದೆಂದೂ ಅವನು ತಿಳಿಸಿದನು. ಮೇಷ್ಟರು ಚಿಕ್ಕದನ್ನು ಆರಿಸಿದರು.

ಕಟ್ಟುವ ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು: ಕೊಂಡಿಗೆ ಒತ್ತುವುದು, ನಾಲ್ಕು ತಿರುಪು ಬಿಗಿಯುವುದು, ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡುವುದು. ಒಂದು ಟೆರಾಬೈಟೆಂದು ಕೊಂಡುದು ೯೩೧ ಗಿಗಾಬೈಟೆಂದು ಕಂಡಾಗ ಮೇಷ್ಟರು ಶಿಷ್ಯನನ್ನು ಒಮ್ಮೆ ದಿಟ್ಟಿಸಿದರು. ಅನಂತರ ಕಾಗದವನ್ನು ತೆಗೆದುಕೊಂಡು ಲೆಕ್ಕ ಮಾಡಿದರು. ಮಾರುವವನು ಸಾವಿರದಿಂದ ಗುಣಿಸುವನು, ಯಂತ್ರವು ೧೦೨೪ರಿಂದ ಭಾಗಿಸುವುದು, ಮೋಸವೇನೂ ಇರಲಿಲ್ಲ.

ಆದರೂ ಅವರಿಗೆ ಪೂರ್ಣ ಸಮಾಧಾನವಾಗಲಿಲ್ಲ. ತಾವು ಕಟ್ಟಿದುದು ಹೊರಗಿನ ಕೇಸನ್ನು ಮಾತ್ರ. ಡಿಸ್ಕೆಂಬುದನ್ನು ಯಾರೂ ಮನೆಯಲ್ಲಿ ಕಟ್ಟಲಾರರು. ೧೯೫೬ರಲ್ಲಿ ಐ.ಬಿ.ಎಂ. ಕಂಪನಿಯವರು ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ ಇಪ್ಪತ್ತನಾಲ್ಕು ಅಂಗುಲ ಅಗಲದ ಐವತ್ತು ತಟ್ಟೆಗಳಿದ್ದುವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳನ್ನು. ಇಂದು ಜೇಬಿನಲ್ಲಿ ಹಿಡಿಯುವ ಡಿಸ್ಕಿನಲ್ಲಿಯೂ ತಿರುಗುವುದು ಅಂತಹ ತಟ್ಟೆಯೇ, ನಿಮಿಷಕ್ಕೆ ೫೪೦೦ ಸುತ್ತು. ಓದುವ ಮೊನೆಯು ತಟ್ಟೆಯನ್ನು ಮುಟ್ಟದೆ, ಗಾಳಿಯ ತೆಳುಪದರದ ಮೇಲೆ ತೇಲುತ್ತದೆ. ನಡುವೆ ಧೂಳಿನ ಕಣವೊಂದು ಸಿಕ್ಕಿದರೂ, ಕೆಲಸದಲ್ಲಿರುವಾಗ ಪೆಟ್ಟಿಗೆ ಕೈಜಾರಿದರೂ, ಅದು ಕೊಂಡುದೋ ಕಟ್ಟಿದುದೋ ಎಂದು ನೋಡದೆ ಬರಹ ಅಳಿಯುವುದು. ಬೀಳದಿದ್ದರೂ ಎಂದಾದರೊಂದು ದಿನ ಅದು ತಾನಾಗಿ ನಿಲ್ಲುವುದು.

ಗೆದ್ದಲು ತಿನ್ನುವ ಓಲೆಗಳಿಂದ ಲಿಪಿಕಾರರು ಮತ್ತೆ ಮತ್ತೆ ಪ್ರತಿಮಾಡುತ್ತ ಬಂದುದರಿಂದಲೇ ಕನ್ನಡದ ಹಳೆಯ ಕಾವ್ಯಗಳು ಇಂದಿನವರೆಗೆ ಉಳಿದುವು. ತರಗತಿಯಲ್ಲಿ ಸಹೋದ್ಯೋಗಿ ಪಂಡಿತರು ಹೇಳುತ್ತಿದ್ದ ಈ ಮಾತು ಮೇಷ್ಟರಿಗೆ ಆಗ ನೆನಪಾಯಿತು. ಮರುದಿನ ಭಾವಮೈದುನನನ್ನು ಕರೆದು, ಬೇರೊಂದು ಕಂಪನಿಯ ಸಿದ್ಧವಾದ ಪೆಟ್ಟಿಗೆಯೊಂದನ್ನೂ ತರಿಸಿದರು. ಅವನು ಗೆದ್ದೆನೆಂದುಕೊಂಡನು, ಶಿಷ್ಯನು ಮೊದಲೇ ಗೆದ್ದಿದ್ದನು. ಕೊಂಡುದು ಮಗಳ ಮನೆಗೆ ಹೋಯಿತು, ಕಟ್ಟಿದುದು ಬೀರುವಿನಲ್ಲಿ ಉಳಿಯಿತು.

ಈಗ ಪ್ರತಿ ವರ್ಷವೂ ತಿಥಿಗೆ ಬರುವಾಗ ಮಗಳು ತನ್ನ ಪೆಟ್ಟಿಗೆಯನ್ನು ತರುತ್ತಾಳೆ. ಊಟವಾದ ಮೇಲೆ ಮೇಷ್ಟರು ಎರಡನ್ನೂ ಒಂದಾದಮೇಲೊಂದು ಸಿಕ್ಕಿಸಿ, ಅರುವತ್ತು ಹಾಡುಗಳೂ ಇವೆಯೇ ಎಂದು ಎಣಿಸಿ, ಕೆಲವನ್ನು ಕೇಳುತ್ತಾರೆ. ಮೂರನೆಯ ಹಾಡಿನ ನಡುವೆ, ಒಲೆಯ ಮೇಲಿನ ಹಾಲನ್ನು ನೋಡೆಂದು ಆಕೆ ಮಗಳಿಗೆ ಹೇಳುವ ಮಾತು ಎರಡರಲ್ಲಿಯೂ ಹಾಗೆಯೇ ಇದೆ.