ಇದನ್ನ ಯಾವ ಕಾಲಂಗೆ ಹಾಕ್ತೀಯ?

ನಾನೂ ಅವಳೂ ಮೊದಲ ಸಲ ಗಟ್ಟಿಯಾಗಿ ಜಗಳವಾಡಿದ್ದು ಒಂದು ಕೋಷ್ಟಕದ ವಿಷಯಕ್ಕೆ. 2021ರ ಜನವರಿ. ಕೋವಿಡ್ ಕಾರಣಕ್ಕೆ ಮುಚ್ಚಿದ್ದ ಹಾಸ್ಟೆಲ್ ಆಗಷ್ಟೇ ತೆರೆದಿತ್ತು. ನಮ್ಮ ಕಾರಿಡಾರಿನಲ್ಲಿ ಇದ್ದದ್ದೇ ಆರು ಜನ. ನಾನು ಪಿಎಚ್‌ಡಿಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ನನ್ನ ವಿಷಯ ಯುದ್ಧ ಮುಗಿದ ದೇಶಗಳ ಪುನರ್ನಿರ್ಮಾಣ, ಮುಖ್ಯವಾಗಿ ಅಫ್ಘಾನಿಸ್ತಾನ. ಅವಳು ಹೆರಾತಿನವಳು. ಭಾರತ ಸರ್ಕಾರದ ವಿದ್ಯಾರ್ಥಿವೇತನದಲ್ಲಿ 2019ರಲ್ಲಿ ಮೈಸೂರಿಗೆ ಬಂದು ಆಹಾರ ವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಿದ್ದಳು. ನನ್ನ ವಿಷಯ ಕೇಳಿದ ದಿನ ಅವಳು ಕೇಳಿದ ಮೊದಲ ಪ್ರಶ್ನೆ: "ಯುದ್ಧ ಮುಗಿದದ್ದು ಯಾವಾಗ?" ನಗುತ್ತಲೇ ಕೇಳಿದ್ದಳು. ನಾನು ಬಾನ್ ಒಪ್ಪಂದ, 2001ರ ಡಿಸೆಂಬರ್ ಎಂದು ಪರೀಕ್ಷೆಯಲ್ಲಿ ಬರೆಯುವ ಹಾಗೆ ಉತ್ತರ ಕೊಟ್ಟಿದ್ದೆ.

ಕೋಷ್ಟಕದಲ್ಲಿ ಎರಡು ಕಾಲಂ ಇದ್ದವು. ಎಡಗಡೆ 2001, ಬಲಗಡೆ ಈಚಿನ ವರ್ಷ. ಶಾಲೆಗೆ ಹೋಗುವ ಮಕ್ಕಳು ಎಡಗಡೆ ಹತ್ತು ಲಕ್ಷಕ್ಕೂ ಕಡಿಮೆ, ಹೆಣ್ಣುಮಕ್ಕಳು ಇಲ್ಲವೇ ಇಲ್ಲ ಎನ್ನಬಹುದು. ಬಲಗಡೆ 90 ಲಕ್ಷ, ಅದರಲ್ಲಿ ಹೆಣ್ಣುಮಕ್ಕಳು ಹತ್ತಿರ ಹತ್ತಿರ ಶೇ. 40. ಕೆಳಗೆ ರಸ್ತೆ, ಆಸ್ಪತ್ರೆ, ಮೊಬೈಲ್. ಅದನ್ನು ನೋಡಿದರೆ ಯಾರಿಗಾದರೂ ಸಮಾಧಾನವಾಗಬೇಕು. ನನಗಂತೂ ಆಗಿತ್ತು.

ಅವಳು ಏಲಕ್ಕಿ ಹಾಕಿದ ಹಸಿರು ಚಹಾ ಸುರಿಯುತ್ತಾ ಆ ಹಾಳೆಯನ್ನು ನೋಡಿ, 90 ಲಕ್ಷದ ಮೇಲೆ ಬೆರಳಿಟ್ಟಳು. "ಒಂಬತ್ತನೇ ಕ್ಲಾಸಲ್ಲಿ ನಾನು ಆರು ತಿಂಗಳು ಶಾಲೆಗೆ ಹೋಗಿರಲಿಲ್ಲ. ದಾರಿಯಲ್ಲಿ ಬಾಂಬ್ ಸಿಡಿದಿತ್ತು, ಅಪ್ಪ ಕಳಿಸಲಿಲ್ಲ. ಆಗಲೂ ನಾನು ನಿನ್ನ ಈ ಲೆಕ್ಕದಲ್ಲಿದ್ದೆ."

ಅವಳು ಹೇಳಿದ್ದು ನಿಜ. ಅಲ್ಲಿನ ಶಿಕ್ಷಣ ಇಲಾಖೆಯ ನಿಯಮದ ಪ್ರಕಾರ ಮೂರು ವರ್ಷದವರೆಗೆ ಗೈರುಹಾಜರಾದ ಮಗುವೂ ದಾಖಲಾದ ಮಗುವೇ. ಒಂದು ಕಾಲಕ್ಕೆ ಅಧಿಕಾರಿಗಳು ಒಂದು ಕೋಟಿಗೂ ಮೀರಿದ ಸಂಖ್ಯೆ ಹೇಳುತ್ತಿದ್ದರು. 2016ರಲ್ಲಿ ಅಲ್ಲಿನ ಶಿಕ್ಷಣ ಸಚಿವರೇ ನಿಜವಾಗಿ ತರಗತಿಯಲ್ಲಿರುವವರು ಸುಮಾರು 60 ಲಕ್ಷ ಎಂದು ಒಪ್ಪಿಕೊಂಡರು. ಕಟ್ಟಡವೇ ಇಲ್ಲದ ಶಾಲೆ, ಹೆಸರು ಮಾತ್ರ ಇರುವ ಮೇಷ್ಟ್ರು, ಸಂಬಳ ಮಾತ್ರ ಪಡೆಯುವ ಸೈನಿಕ, ಇವೆಲ್ಲ ಪುನರ್ನಿರ್ಮಾಣದ ಲೆಕ್ಕ ತಪಾಸಣೆಗೆಂದು ಅಮೆರಿಕ 2008ರಲ್ಲಿ ಸ್ಥಾಪಿಸಿದ ಸಿಗಾರ್ ಎಂಬ ಕಚೇರಿಯ ವರದಿಗಳಲ್ಲಿವೆ. ನಾನು ಅವನ್ನು ಓದಿರಲಿಲ್ಲವೆಂದಲ್ಲ. ಓದಿ ಅಡಿಟಿಪ್ಪಣಿಗೆ ತಳ್ಳಿದ್ದೆ. "ಅನುಮಾನ ಇದ್ರೆ ಅಡಿಟಿಪ್ಪಣಿ ಹಾಕಮ್ಮ" ಎಂದು ನಮ್ಮ ಗೈಡ್ ಹೇಳಿದ್ದರು.

ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ನಮ್ಮಮ್ಮ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಡಂ. ಕಬ್ಬು ಕಡಿಯಲು ಹೊರಗಿನಿಂದ ಬಂದ ಸಂಸಾರಗಳ ಮಕ್ಕಳು ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯುವುದಿಲ್ಲ. ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಉಳಿದಿರುತ್ತದೆ. ಹೊಡೆದು ಹಾಕಿದರೆ ಮಕ್ಕಳ ಸಂಖ್ಯೆ ಇಳಿದು ಶಾಲೆಗೆ ಒಬ್ಬ ಟೀಚರ್ ಕಡಿಮೆ. "ಬರ್ತಾರೇನೋ ಅಂತ ಇಟ್ಟಿರ್ತೀವಿ ಕಣೇ" ಅನ್ನುತ್ತಿದ್ದರು ಅಮ್ಮ. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಆ ಪುಸ್ತಕ ನೋಡುತ್ತಾ ಬೆಳೆದ ನಾನು ಕಾಬೂಲಿನ ಅಂಕಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ. ಇಂಗ್ಲಿಷಿನಲ್ಲಿ, ಪಿಡಿಎಫ್‌ನಲ್ಲಿ ಬಂದ ಅಂಕಿಗೆ ಒಂದು ಗತ್ತು ಇರುತ್ತದೆ.

ಅಂಕಿಗಳ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. 2002ರ ಅಧ್ಯಯನದ ಪ್ರಕಾರ ಅಫ್ಘಾನಿಸ್ತಾನದಲ್ಲಿ ಒಂದು ಲಕ್ಷ ಹೆರಿಗೆಗೆ ಸುಮಾರು 1,600 ತಾಯಂದಿರು ಸಾಯುತ್ತಿದ್ದರು. 2010ರ ಸಮೀಕ್ಷೆಯಲ್ಲಿ ಅದು 327ಕ್ಕೆ ಇಳಿಯಿತು. ಹಣ ಕೊಟ್ಟ ದೇಶಗಳು ಈ 327ನ್ನು ವರ್ಷಗಟ್ಟಲೆ ಭಾಷಣಗಳಲ್ಲಿ ಬಳಸಿದವು. ಅಷ್ಟರಲ್ಲಿ 2015ರ ಸಮೀಕ್ಷೆ ಬಂತು: 1,291. ಐದು ವರ್ಷದಲ್ಲಿ ನಾಲ್ಕು ಪಟ್ಟು ತಾಯಂದಿರು ಸಾಯಲು ಶುರುವಾಗಿರಲಿಲ್ಲ. ಮೊದಲ ಸಮೀಕ್ಷೆಯವರಿಗೆ ದಕ್ಷಿಣದ ಎಷ್ಟೋ ಹಳ್ಳಿಗಳಿಗೆ ಭದ್ರತೆಯ ಕಾರಣಕ್ಕೆ ಹೋಗಲಾಗಿರಲಿಲ್ಲ. ಅಂದರೆ ಸಾವು ಹೆಚ್ಚಿದ್ದಿರಬಹುದಾದ ಕಡೆಯೇ ಎಣಿಕೆ ಕಡಿಮೆ. ಎರಡನೇ ಸಮೀಕ್ಷೆಯ ಬಗ್ಗೆಯೂ ತಜ್ಞರಲ್ಲಿ ತಕರಾರಿತ್ತು. ಆಮೇಲೆ ವಿಶ್ವಸಂಸ್ಥೆಯ ಸಂಸ್ಥೆಗಳು 2020ಕ್ಕೆ ಕಟ್ಟಿದ ಅಂದಾಜು 620. ಅಂದರೆ 327 ಎಂಬ ಸಂಭ್ರಮ ಸುಳ್ಳು. ಹಾಗೆಂದು ಇಳಿಕೆ ಸುಳ್ಳಲ್ಲ. ಹಳ್ಳಿಹಳ್ಳಿಗೆ ತರಬೇತಾದ ಸೂಲಗಿತ್ತಿಯರು ಹೋಗಿದ್ದರು, ಎಷ್ಟೋ ತಾಯಂದಿರು ಉಳಿದಿದ್ದರು. ಆದರೆ ಇಳಿಕೆ ಭಾಷಣಕ್ಕೆ ಬೇಕಾದಷ್ಟು ಇರಲಿಲ್ಲ.

ಈ ಮಾತನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಅವತ್ತು ನಾನು ಕೋಷ್ಟಕದ ಪರ, ಅವಳು ವಿರುದ್ಧ. ರಾತ್ರಿ ಹನ್ನೊಂದರವರೆಗೆ ವಾದ ನಡೆಯಿತು.

ನಡುವೆ ಒಂದು ಭಾನುವಾರ ಅವಳನ್ನು ಕನ್ನಂಬಾಡಿ ಕಟ್ಟೆ ನೋಡಲು ಕರೆದುಕೊಂಡು ಹೋದೆ. ಹೆರಾತಿನ ಪೂರ್ವಕ್ಕೆ ಹರಿರೂದ್ ನದಿಗೆ ಸಲ್ಮಾ ಎಂಬ ಅಣೆಕಟ್ಟಿದೆ. 1970ರ ದಶಕದಲ್ಲಿ ಶುರುವಾಗಿ, ಯುದ್ಧದಲ್ಲಿ ನಿಂತು, ಕೊನೆಗೆ ಭಾರತದ ಹಣದಲ್ಲಿ, ಭಾರತದ ಎಂಜಿನಿಯರುಗಳ ಕೈಯಲ್ಲಿ ಮುಗಿದು 2016ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. 42 ಮೆಗಾವಾಟ್ ವಿದ್ಯುತ್, 75 ಸಾವಿರ ಹೆಕ್ಟೇರಿಗೆ ನೀರು ಎಂಬುದು ಯೋಜನೆ. ಅದು ಇರುವ ಜಿಲ್ಲೆ ಚಿಶ್ತ್, ಅಜ್ಮೀರಿನ ಚಿಶ್ತಿಗಳಿಗೆ ಹೆಸರು ಬಂದದ್ದು ಆ ಊರಿಂದಲೇ. ನಾನು ದಾರಿಯುದ್ದಕ್ಕೂ ಸಲ್ಮಾದ ಗುಣಗಾನ ಮಾಡಿದೆ, ನಮ್ಮವರು ಕಟ್ಟಿದ್ದಲ್ಲವೇ. ಕಟ್ಟೆಯ ಹತ್ತಿರ ಬಂದಾಗ ಅವಳು ನೀರನ್ನಲ್ಲ, ಸುತ್ತಲೂ ನೋಡಿ, "ಇಲ್ಲಿ ಕಾವಲಿಗೆ ಎಷ್ಟು ಜನ ಸತ್ತಿದ್ದಾರೆ?" ಎಂದಳು. 2017ರಲ್ಲಿ ಸಲ್ಮಾದ ಹತ್ತಿರದ ಕಾವಲು ಠಾಣೆಯ ಮೇಲೆ ತಾಲಿಬಾನ್ ದಾಳಿ ನಡೆದು ಪೊಲೀಸರು ಸತ್ತಿದ್ದರು. ಅವಳ ಅಮ್ಮನ ಊರಿನ ಕಡೆಯ ಹುಡುಗನೊಬ್ಬ ಅದೇ ಕೆಲಸದಲ್ಲಿದ್ದನಂತೆ. ನಾವು ಕಡಲೆಕಾಯಿ ತಿಂದುಕೊಂಡು ವಾಪಸು ಬಂದೆವು.

2021ರ ಆಗಸ್ಟ್ 12ರಂದು ಹೆರಾತ್ ಹೋಯಿತು. 15ರಂದು ಕಾಬೂಲ್. ಅವತ್ತು ಬೆಳಿಗ್ಗೆ ನಮ್ಮಲ್ಲಿ ಧ್ವಜಾರೋಹಣ, ಸಿಹಿ ಹಂಚುತ್ತಿದ್ದರು. ಅವಳು ಕೋಣೆಯಲ್ಲಿ ಎರಡು ಫೋನು ಹಿಡಿದು ಕೂತಿದ್ದಳು. ಕೋವಿಡ್ ಸಮಯದಲ್ಲಿ ಊರಿಗೆ ಹೋಗಿದ್ದ ಅವಳ ಸಹಪಾಠಿಯೊಬ್ಬಳ ವೀಸಾ, ಭಾರತದ ಹೊರಗಿದ್ದ ಉಳಿದ ಅಫ್ಘನ್ನರ ವೀಸಾಗಳಂತೆ, ಅದೇ ತಿಂಗಳು ರದ್ದಾಯಿತು. ಅವಳು ವಾಪಸು ಬರಲೇ ಇಲ್ಲ. ನನ್ನ ಗೆಳತಿಯ ತಂಗಿ ಆಗ ಹನ್ನೊಂದನೇ ಕ್ಲಾಸು. ಸೆಪ್ಟೆಂಬರಿನಲ್ಲಿ ಪ್ರೌಢಶಾಲೆಗೆ ಗಂಡುಮಕ್ಕಳು ಬರಬೇಕೆಂದು ಆದೇಶ ಬಂತು. ಹೆಣ್ಣುಮಕ್ಕಳ ಬಗ್ಗೆ ಅದರಲ್ಲಿ ಒಂದು ಪದವೂ ಇರಲಿಲ್ಲ.

ನಾನು ಏನು ಮಾಡಿದೆ? ಹೊಸ ಪ್ರಬಂಧ ಬರೆದೆ. ವೆಬಿನಾರುಗಳ ಸುಗ್ಗಿಯಲ್ಲಿ ಅಫ್ಘಾನಿಸ್ತಾನ ಗೊತ್ತಿರುವವರು ಬೇಕಿತ್ತು. 14,500 ಕೋಟಿ ಡಾಲರ್ ಪುನರ್ನಿರ್ಮಾಣಕ್ಕೆಂದು ಅಮೆರಿಕವೊಂದೇ ಸುರಿದಿದೆ, ಬೆಲೆಯೇರಿಕೆ ಲೆಕ್ಕ ಹಾಕಿದರೂ ಎರಡನೇ ಮಹಾಯುದ್ಧದ ನಂತರ ಯುರೋಪಿಗೆ ಕೊಟ್ಟ ಮಾರ್ಷಲ್ ಯೋಜನೆಯ ಹಣಕ್ಕಿಂತ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದದ್ದು ಹತ್ತು ದಿನದಲ್ಲಿ ಕರಗಿಹೋದ ಸೈನ್ಯ ಪೊಲೀಸಿಗೆ. ಸರ್ಕಾರದ ಖರ್ಚಿನ ಮುಕ್ಕಾಲು ಭಾಗ ಹೊರಗಿನವರ ಹಣ. ಇಂಥ ದೇಶವನ್ನು ಕಟ್ಟಿದ್ದೇವೆ ಎಂದದ್ದೇ ಸುಳ್ಳು. 'ಮರಳಿನ ಮೇಲಿನ ಮನೆ' ಎಂದು ಹೆಸರಿಟ್ಟಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಹೆಸರಿಗೂ, ಬರೆದ ವೇಗಕ್ಕೂ. ಎಲ್ಲರೂ ಚೆನ್ನಾಗಿತ್ತು ಎಂದರು. ಪಕ್ಕದ ಕೋಣೆಯಲ್ಲಿ ಅವಳೂ ಲಾಗಿನ್ ಆಗಿ ಕೇಳಿದ್ದಳೆಂದು ನನಗೆ ಗೊತ್ತಾದದ್ದು ಆಮೇಲೆ.

ಎರಡು ವಾರ ಮಾತಿರಲಿಲ್ಲ. ಒಂದು ಸಂಜೆ ಅವಳೇ ಬಾಗಿಲು ತಟ್ಟಿದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಹನ್ನೆರಡನೇ ತರಗತಿಯ ಪ್ರಮಾಣಪತ್ರ, ದರಿ ಭಾಷೆಯದ್ದು, ಮೂಲೆಯಲ್ಲಿ ಅವಳ ಬಿಳಿ ಚಾದರದ ಫೋಟೋ. ಅದನ್ನು ನನ್ನ ಲ್ಯಾಪ್‌ಟಾಪಿನ ಮೇಲೆ ಇಟ್ಟು, "ಇದನ್ನ ಯಾವ ಕಾಲಂಗೆ ಹಾಕ್ತೀಯ?" ಎಂದಳು.

ಆ ಮಾತಿಗೆ ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ. "ಜನವರಿಯಲ್ಲಿ ಎಲ್ಲಾ ನಿಜ ಅಂದೆ. ಈಗ ಎಲ್ಲಾ ಸುಳ್ಳು ಅಂತೀಯ. ನಿನಗೆ ಎರಡೂ ಸಲ ಸುಲಭವಾಯ್ತು, ನಮಗೆ ಒಂದು ಸಲವೂ ಆಗಲಿಲ್ಲ."

ಆಮೇಲೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಾ ಅವಳು ತನ್ನ ಒಂದನೇ ಕ್ಲಾಸಿನ ಕಥೆ ಹೇಳಿದಳು. 2002ರ ವಸಂತ. ಯುನಿಸೆಫ್ ಎಂದು ಬರೆದಿದ್ದ ಡೇರೆ, ನೆಲಕ್ಕೆ ಚಾಪೆ. ಇವಳಿಗೆ ಆರು ವರ್ಷ, ಪಕ್ಕದಲ್ಲಿ ಕೂತವಳಿಗೆ ಹದಿಮೂರು. ತಾಲಿಬಾನ್ ಕಾಲದಲ್ಲಿ ಶಾಲೆ ತಪ್ಪಿದವರೆಲ್ಲ ಒಂದನೇ ಕ್ಲಾಸಿಗೇ ಬಂದಿದ್ದರು. ಮಳೆ ಬಂದರೆ ಡೇರೆಯ ಹಗ್ಗವನ್ನು ದೊಡ್ಡ ಹುಡುಗಿಯರು ಹಿಡಿದುಕೊಳ್ಳುತ್ತಿದ್ದರು, ಚಿಕ್ಕವರು ಓದುತ್ತಿದ್ದರು. ಆ ಡೇರೆಯಲ್ಲಿ ಪಾಠ ಮಾಡಿದಾಕೆಗೆ ಪಾಠ ಮಾಡಿ ಅಭ್ಯಾಸ ತಪ್ಪಿರಲಿಲ್ಲ, ಏಕೆಂದರೆ ಹೆರಾತಿನಲ್ಲಿ ಆ ಐದಾರು ವರ್ಷ ಹೆಂಗಸರು ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದರು. ಚೀಲದ ಮೇಲೆ ಬಟ್ಟೆ, ಕತ್ತರಿ, ಕೆಳಗೆ ಪುಸ್ತಕ, ನೋಟ್‌ಬುಕ್. ಅಂಥ ಒಂದಕ್ಕೆ 'ಚಿನ್ನದ ಸೂಜಿ' ಎಂದು ಹೆಸರಿತ್ತು. ವಿಶ್ವವಿದ್ಯಾಲಯದ ಅಧ್ಯಾಪಕರು ಬಂದು ಹೊಲಿಗೆಯ ಹೆಸರಲ್ಲಿ ಸಾಹಿತ್ಯ ಕಲಿಸುತ್ತಿದ್ದರು. ಹೊರಗಡೆ ಮಕ್ಕಳನ್ನು ಆಡಲು ಬಿಟ್ಟಿರುತ್ತಿದ್ದರು, ಯಾರಾದರೂ ಬಂದರೆ ಸುಳಿವು ಕೊಡಲು. ಅದು ಹೊರಗಿನ ಪುಸ್ತಕಗಳಲ್ಲೂ ದಾಖಲಾಗಿದೆ, ನಾನು ಓದಿದ್ದೆ. ನನ್ನ ಕೋಷ್ಟಕದ 2001ರ ಕಾಲಂನಲ್ಲಿ ಮಾತ್ರ ಹೆರಾತಿನ ಹೆಣ್ಣುಮಕ್ಕಳು ಸೊನ್ನೆ.

ಅವಳ ವಾದ ನನಗೆ ಪೂರ್ತಿ ಒಪ್ಪಿಗೆಯಾಯಿತು ಎಂದರೆ ಸುಳ್ಳಾದೀತು. ಕಾಗದದ ಶಾಲೆಗಳನ್ನು ಕಟ್ಟಿದವರನ್ನು ಅವಳ ಪ್ರಮಾಣಪತ್ರ ತೋರಿಸಿ ಬಿಟ್ಟುಬಿಡಬೇಕೆ? ಲೆಕ್ಕ ಸುಳ್ಳಾದ್ದರಿಂದಲೇ ಎಷ್ಟೋ ಹಳ್ಳಿಗಳ ಜನರಿಗೆ ಆ ಸರ್ಕಾರ ಹೋದಾಗ ಕಣ್ಣೀರು ಬರಲಿಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಇದನ್ನು ಅವಳಿಗೂ ಹೇಳಿದೆ. "ಹೌದು, ಬರಲಿಲ್ಲ" ಎಂದಳು. ಅವಳ ಅಪ್ಪನೇ ಫೋನಿನಲ್ಲಿ, ಈಗ ಹೆರಾತಿನಿಂದ ಕಂದಹಾರಕ್ಕೆ ರಾತ್ರಿಯೂ ಹೋಗಬಹುದು, ದಾರಿಯಲ್ಲಿ ಬಾಂಬಿಲ್ಲ, ಲಂಚ ಕೇಳುವ ಪೊಲೀಸಿಲ್ಲ ಎನ್ನುತ್ತಾರಂತೆ. ಉತ್ತರದಲ್ಲಿ ಕೊಶ್ ತೆಪೆ ಎಂಬಲ್ಲಿ 285 ಕಿಲೋಮೀಟರ್ ಕಾಲುವೆ ತೋಡುತ್ತಿದ್ದಾರೆ, 2022ರಿಂದ. ಹೊಸ ಆಡಳಿತವೂ ಇದನ್ನು ಪುನರ್ನಿರ್ಮಾಣ ಎಂದೇ ಕರೆಯುತ್ತದೆ. ಅವರ ಪಟ್ಟಿಯಲ್ಲೂ ರಸ್ತೆ, ಕಾಲುವೆ, ಭದ್ರತೆ. ಪಟ್ಟಿ ಮಾಡುವ ಕಲೆಯನ್ನು ಅವರು ಹಿಂದಿನವರಿಂದ ಚೆನ್ನಾಗಿಯೇ ಕಲಿತಿದ್ದಾರೆ. ಅಪ್ಪ ರಸ್ತೆಯ ಬಗ್ಗೆ ಹೇಳುವಾಗ ತಂಗಿ ಪಕ್ಕದ ಕೋಣೆಗೆ ಎದ್ದು ಹೋಗುತ್ತಾಳಂತೆ.

2022ರ ಮಾರ್ಚ್ 23ರಂದು ಪ್ರೌಢಶಾಲೆಗಳು ಹುಡುಗಿಯರಿಗೂ ತೆರೆಯುತ್ತವೆ ಎಂದಿದ್ದರು. ತಂಗಿ ಹಿಂದಿನ ರಾತ್ರಿಯೇ ಸಮವಸ್ತ್ರ ಇಸ್ತ್ರಿ ಮಾಡಿಟ್ಟಿದ್ದಳು. ಬೆಳಿಗ್ಗೆ ಹೋದವರನ್ನು ಕೆಲವೇ ಗಂಟೆಗಳಲ್ಲಿ ವಾಪಸು ಕಳಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. ಈಗ ಹೆಣ್ಣುಮಕ್ಕಳಿಗೆ ಆರನೇ ತರಗತಿ ತನಕ. ಇವರಿಬ್ಬರೂ ಓದಿದ ಶಾಲೆಗೆ 2000ದ ದಶಕದ ಕೊನೆಗೆ ಎರಡು ಅಂತಸ್ತಿನ ಕಟ್ಟಡ ಬಂದಿತ್ತು, ದಾನಿಗಳ ಫಲಕದೊಂದಿಗೆ. ಕಟ್ಟಡ ಹಾಗೇ ಇದೆ. ಕಟ್ಟಿದ ಶಾಲೆಗಳ ಪಟ್ಟಿಯಲ್ಲಿ ಈಗಲೂ ಒಂದು.

ನನ್ನ ಆ ಅಧ್ಯಾಯ ಮೂರು ಸಲ ಬದಲಾಗಿದೆ. ಗೈಡ್ ಈಗಲೂ ಕೇಳುತ್ತಾರೆ, "ಕೊನೆಗೆ ಏನಮ್ಮ ನಿನ್ನ ನಿಲುವು, ಪ್ರಗತಿ ಆಯ್ತೋ ಇಲ್ವೋ?" ಕೋಷ್ಟಕವನ್ನು ತೆಗೆದುಹಾಕಿಲ್ಲ. ಪ್ರತಿ ಅಂಕಿಯ ಪಕ್ಕ, ಅದನ್ನು ಎಣಿಸಿದವರು ಯಾರು, ಯಾರಿಗೆ ಕೊಡಲು ಎಣಿಸಿದರು, ಎಲ್ಲಿಗೆ ಹೋಗದೆ ಎಣಿಸಿದರು ಎಂದು ಬರೆಯುತ್ತಿದ್ದೇನೆ. ಅಡಿಟಿಪ್ಪಣಿಗಳು ಪುಟದ ಮೇಲಕ್ಕೆ ಹತ್ತಿ ಬಂದಿವೆ. ಪುಟ ಜಾಸ್ತಿಯಾಗುತ್ತಿದೆ, ಫೆಲೋಶಿಪ್ ಮುಗಿಯುತ್ತಾ ಬಂತು.

ಅವಳು ಕಳೆದ ವರ್ಷ ಬೇರೆ ದೇಶಕ್ಕೆ ಹೋದಳು, ಓದು ಮುಂದುವರಿಸಲು. ಹೋಗುವಾಗ ತನ್ನ ಚಹಾದ ಕೆಟಲನ್ನು ನನಗೆ ಬಿಟ್ಟುಹೋದಳು. ಮೊನ್ನೆ ರಾತ್ರಿ ಫೋನು ಮಾಡಿದ್ದಳು. ಅಲ್ಲಿ ಹಿಮ, ಇಲ್ಲಿ ನಮ್ಮ ಹಾಸ್ಟೆಲಿನಲ್ಲಿ ನೀರಿಲ್ಲ ಎಂಬ ಮಾತುಗಳಾದ ಮೇಲೆ, ತಂಗಿ ಹೇಗಿದ್ದಾಳೆ ಎಂದೆ.

"ಚೆನ್ನಾಗಿದ್ದಾಳೆ. ಹೊಲಿಗೆ ಕ್ಲಾಸ್ ಶುರು ಮಾಡಿದ್ದಾಳೆ, ಮನೆಯಲ್ಲೇ."

ನಾನು ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ ಅಭ್ಯಾಸಬಲ, ಬಾಯಿಗೆ ಬಂದೇ ಬಿಟ್ಟಿತು: "ಎಷ್ಟು ಜನ ಬರ್ತಾರೆ?"

"ಫೋನಲ್ಲಿ ಅದನ್ನೆಲ್ಲ ಕೇಳಬೇಡ" ಎಂದಳು.