ತಂಗಿಯ ಹಾಡಿನ ಪುಸ್ತಕ

ಸಂಜೆ ನನ್ನ ಮನೆಯ ಜಗಲಿಗೆ ಪಾಠಕ್ಕೆ ಬರುವ ಮಕ್ಕಳಲ್ಲಿ ಒಬ್ಬಳು ಮೊನ್ನೆ ವ್ಯಾಕರಣದ ನೋಟುಪುಸ್ತಕದ ಕೊನೆಯ ಹಾಳೆಯನ್ನು ನೋಡುತ್ತ ಮೆಲ್ಲನೆ ಗುನುಗುತ್ತಿದ್ದಳು. ಇಸಿದುಕೊಂಡು ಓದಿದೆ. ಅಕ್ಷರಗಳೆಲ್ಲ ಕನ್ನಡ; ಅರ್ಥವಾದ ಪದ ಒಂದೂ ಇಲ್ಲ. “ಜಪಾನೀ ಹಾಡು, ಸಾರ್” ಎಂದಳು. ‘ಅರಾಶಿ’ ಎಂಬ ಐವರು ತರುಣರ ಮೇಳವಂತೆ. ಆ ಮಾತಿಗೆ ಬಿರುಗಾಳಿಯೆಂದು ಅರ್ಥ. ಅವರು 2008ರಲ್ಲಿ ‘ಹಾನಾ ಯೋರಿ ದಾಂಗೊ’ ಎಂಬ ಕಥೆಯ ಕಡೆಯ ಚಲನಚಿತ್ರಕ್ಕಾಗಿ ‘ಒನ್ ಲವ್’ ಎಂಬ ಹಾಡನ್ನು ಹಾಡಿ, ಚಿತ್ರ ತೆರೆಗೆ ಬರುವುದಕ್ಕೆ ಮೂರು ದಿನ ಮೊದಲೇ ಅದನ್ನು ಬಿಡಿ ತಟ್ಟೆಯಾಗಿ ಹೊರತಂದರು. ಐವರಲ್ಲಿ ಒಬ್ಬನಾದ ಜುನ್ ಮತ್ಸುಮೊಟೊ ಆ ಚಿತ್ರದ ನಾಯಕನೂ ಹೌದು. ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಸಂಧಿಯ ಹೆಸರು ಕೇಳಿದರೆ ಮಾತ್ರ ಉಸಿರು ನಿಲ್ಲುತ್ತದೆ!

ಗದರಿಸಬೇಕೆಂದಿದ್ದೆ, ಆಗಲಿಲ್ಲ. ಇಂತಹುದೇ ಒಂದು ಹಾಳೆಯನ್ನು ನೋಡಿ ನಾನು ಹಿಂದೊಮ್ಮೆ ನಕ್ಕಿದ್ದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಹತ್ತಿ ಮಂಡಿಯಲ್ಲಿ ಗುಮಾಸ್ತೆಯಾಗಿದ್ದ ನಮ್ಮ ತಂದೆ ನನ್ನನ್ನು ಕನ್ನಡ ಶಾಲೆಗೆ ಹಾಕಿದರು. ತಂಗಿಯನ್ನು ತೆಲುಗು ಶಾಲೆಗೆ. “ಇಬ್ಬರಲ್ಲಿ ಒಬ್ಬರಿಗಾದರೂ ಸರಕಾರದ ಕಾಗದ ಓದಲು ಬರಬೇಕು” ಎಂಬುದು ಅವರ ಲೆಕ್ಕ. ಮನೆಯ ಮಾತು ಇಬ್ಬರಿಗೂ ಕನ್ನಡವೇ.

1974ರಲ್ಲಿ ದೊರೈ–ಭಗವಾನ್ ನಿರ್ದೇಶನದ ‘ಎರಡು ಕನಸು’ ತೆರೆಕಂಡಿತು. ವಾಣಿಯವರ ಕಾದಂಬರಿ, ರಾಜಕುಮಾರ್, ಕಲ್ಪನಾ ಅವರ ಅಭಿನಯ. ಅದರಲ್ಲಿ ರಾಜನ್–ನಾಗೇಂದ್ರರ ಸಂಗೀತದಲ್ಲಿ ಎಸ್. ಜಾನಕಿಯವರು ‘ಇಂದು ಎನಗೆ ಗೋವಿಂದ’ ಹಾಡಿದ್ದಾರೆ. ರಾಘವೇಂದ್ರಸ್ವಾಮಿಗಳದೆಂದು ಪ್ರಸಿದ್ಧವಾದ ಕೀರ್ತನೆ ಅದು. 1671ರಲ್ಲಿ ಸ್ವಾಮಿಗಳು ವೃಂದಾವನಸ್ಥರಾದ ಮಂತ್ರಾಲಯ ನಮ್ಮ ಕರ್ನೂಲು ಜಿಲ್ಲೆಯಲ್ಲಿಯೇ ಇದೆ. ನಮ್ಮದೇ ನದೀತೀರದ ಕೀರ್ತನೆ ಸಿನಿಮಾದ ಹಾದಿ ಹಿಡಿದು, ರೇಡಿಯೋದಲ್ಲಿ ಕುಳಿತು, ಮರಳಿ ನಮ್ಮ ಅಡುಗೆಮನೆಗೆ ಬಂದಿತ್ತು.

ತಂಗಿ ಅದನ್ನು ಕೇಳಿ ಕೇಳಿ ಬರೆದುಕೊಂಡಳು. ತೆಲುಗು ಅಕ್ಷರದಲ್ಲಿ. ನಾನು ನಕ್ಕು, “ಇದೆಂತಹ ಕನ್ನಡ?” ಎಂದೆ. ಅವಳು ಸೋಲುವವಳಲ್ಲ: “ಜಾನಕಿಯಮ್ಮನೂ ತೆಲುಗಿನವರೇ ಅಲ್ಲವೇನಣ್ಣ? ಅವರ ಬಾಯಲ್ಲಿ ಕನ್ನಡ ಕೆಟ್ಟಿತೇ?” ನನ್ನಲ್ಲಿ ಉತ್ತರವಿರಲಿಲ್ಲ.

ಆದರೂ ವಾರ ಕಳೆಯುವುದರೊಳಗೆ ಅದೇ ಪುಸ್ತಕವನ್ನು ಹಿಡಿದುಕೊಂಡು ಬಂದು, “ನಿನ್ನ ಅಕ್ಷರ ನನಗೂ ಹೇಳಿಕೊಡು” ಎಂದಳು. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು. ತಲೆಕಟ್ಟಿನ ಬಾಗು ಬೇರೆ, ಕೆಲವು ಅಕ್ಷರಗಳ ಮೈಕಟ್ಟು ಬೇರೆ. ಹದಿನೈದು ದಿನ ಕುಳಿತಿದ್ದರೆ ಸಾಕಿತ್ತು. ಒಂದು ಸಂಜೆ ಸ್ವರಗಳನ್ನೂ ಕವರ್ಗವನ್ನೂ ಬರೆದುಕೊಟ್ಟು, ಉಳಿದುದನ್ನು ನಾಳೆ ನೋಡೋಣವೆಂದೆ. ಪರೀಕ್ಷೆ ಬಂದಿತು. ಆಮೇಲೆ ಅವಳ ಮದುವೆ. ನಂದ್ಯಾಲದ ಕಡೆಗೆ ಹೋದಳು.

ಮೂವತ್ತು ವರ್ಷ ನಾನು ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿದೆ. ತಂಗಿಗೆ ಬರೆಯುವ ಕಾಗದದಲ್ಲಿ ಮಾತ್ರ ಕನ್ನಡ ಮಾತನ್ನು ತೆಲುಗು ಅಕ್ಷರಕ್ಕೆ ಇಳಿಸಿ ಬರೆಯುತ್ತಿದ್ದೆ. ಅಂಚೆಯವನಿಗೆ ವಿಳಾಸ ತಿಳಿಯಲೆಂದು ಹಾಗೆ ಮಾಡುತ್ತೇನೆಂದು ಒಮ್ಮೆ ಯಾರಿಗೋ ಹೇಳಿದ್ದುಂಟು. ವಿಳಾಸ ಇರುವುದು ಹೊರಗಡೆಯಷ್ಟೆ.

ಜಪಾನೀ ಹಾಡಿನ ಹುಡುಗಿಗೆ ಪುಸ್ತಕವನ್ನು ಹಿಂದಿರುಗಿಸಿದೆ. ಅವಳ ಕೈಬರಹ ದುಂಡಗಿದೆ. “ಇನ್ನೊಂದು ಹಾಡು ಹೇಳುತ್ತೇನೆ, ದೊಡ್ಡ ಅಕ್ಷರದಲ್ಲಿ ಬರೆದುಕೊಡಮ್ಮ” ಎಂದೆ. ಬರೆದಳು. ಮಡಿಚಿ ನಂದ್ಯಾಲಕ್ಕೆ ಕಳಿಸಿದೆ.

ನಿನ್ನೆ ರಾತ್ರಿ ತಂಗಿಯ ಫೋನು ಬಂದಿತು. ಕ್ಷೇಮಸಮಾಚಾರವಿಲ್ಲ, ಏನಿಲ್ಲ. “ಅಣ್ಣ, ‘ಗೋವಿಂದ’ ಗುರುತು ಸಿಕ್ಕಿತು. ಎರಡನೆಯ ಸಾಲಿನಲ್ಲಿ ಒಂದು ಅಕ್ಷರ ಇದೆ ನೋಡು, ಬಾಲ ಒಳಗಡೆ ತಿರುಗಿದೆ. ಅದು ‘ತ’ವೋ ಏನು?”